ಸಮುದ್ರದ ಊರಿನ ಬದುವಿನ ಕಲ್ಲು

ನಮ್ಮ ಮುಂಬಾಗಿಲಿಗೆ ಆನಿಸಿರುವ ಕೆಂಪು ಕಲ್ಲನ್ನು ನೀವು ನೋಡಿದರೂ ನೋಡಿದಂತಾಗುವುದಿಲ್ಲ. ಬೀದರಿನಲ್ಲಿ ಕೆಂಪು ಕಲ್ಲಿಗೇನು ಬರ? ಕೋಟೆ ಅದರದ್ದೇ, ಹಳೆಯ ಬಾವಿಗಳು ಅದರವೇ, ಚಿದ್ರಿಯ ನಮ್ಮ ಓಣಿಯಲ್ಲಿ ನೆಲವನ್ನು ಎರಡು ಗೇಣು ಅಗೆದರೂ ಅದೇ. ಆದರೆ ಈ ಕಲ್ಲು ಇಲ್ಲಿಯದಲ್ಲ. ಸಮುದ್ರದ ದಂಡೆಯಿಂದ ತಂದದ್ದು. ಖಡಕ್ ರೊಟ್ಟಿಯ ಖಾಲಿ ಚೀಲದಲ್ಲಿ ಹಾಕಿ, ಎರಡು ಬಸ್ಸು ಬದಲಿಸಿ, ತೊಡೆಯ ಮೇಲೆ ಕೂಸಿನ ಹಾಗೆ ಕೂರಿಸಿಕೊಂಡು ತಂದೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿ, ನನ್ನ ಮುಖ ನೋಡಿ, ಲಗೇಜಿನ ಟಿಕೆಟ್ ಹರಿಯದೆ ಮುಂದೆ ಹೋದ.

ಗೊತ್ತಿದ್ದವರು ಕೇಳುತ್ತಾರೆ, "ಸಮುದ್ರಕ್ಕ ಹೋಗಿ ಕಲ್ಲು ತಂದೀರೇನ್ರಿ? ಶಂಖ ಸಿಗ್ಲಿಲ್ಲೇನ್ರಿ?"

"ಶಂಖ ಆನಿಸಿದ್ರ ಬಾಗಿಲು ನಿಲ್ತದೇನ್ರಿ?" ಎನ್ನುತ್ತೇನೆ. ಅಲ್ಲಿಗೆ ಅವರ ಮಾತು ಮುಗಿಯುತ್ತದೆ. ನನ್ನದು ಮುಗಿಯುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನನ್ನ ಅಕ್ಷರ ದೊಡ್ಡವು, ಕಾಗದ ಬೇಗ ತುಂಬುತ್ತದೆ. ಅದು ಒಳ್ಳೆಯದೇ.

ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಜಮೀನು ಕೊಳ್ಳುವಾಗ ಬೇರೆ ಕಡೆಯವರು ನೀರು ನೋಡುತ್ತಾರೆ, ಕಾಗದ ನೋಡುತ್ತಾರೆ, ದಿಕ್ಕು ನೋಡುತ್ತಾರೆ. ನಾವು ಬದುವಿನ ಜಗಳ ನೋಡುತ್ತೇವೆ. ಪಕ್ಕದ ಹೊಲದವನು ಒಂದು ಗೇಣು ಬದುವಿಗಾಗಿ ಬಡಿಗೆ ಹಿಡಿದು ಬಂದರೆ ಆ ಮಣ್ಣಿನಲ್ಲಿ ಏನೋ ಇದೆ ಎಂದು ಅರ್ಥ. ಅವನು ಬೀಡಿ ಸೇದುತ್ತಾ ಸುಮ್ಮನೆ ಕೂತರೆ, ಆ ಹೊಲ ಪುಕ್ಕಟೆ ಕೊಟ್ಟರೂ ಬೇಡ. ಅದರ ಗುಣ ಪಕ್ಕದವನಿಗಿಂತ ಹೆಚ್ಚು ಯಾರಿಗೆ ಗೊತ್ತು?

ನನ್ನ ತವರು ಭಾಲ್ಕಿ ತಾಲ್ಲೂಕಿನ ಮೆಹಕರ. ನನ್ನಪ್ಪ ಅಲ್ಲಿ ಹೊಲ ಕೊಂಡದ್ದು ಹೀಗೆಯೇ. ಹೊಲದ ಮಾಲೀಕ ಮಣ್ಣು ತೋರಿಸುತ್ತಿದ್ದ. ಅಪ್ಪ ಮಣ್ಣಿನ ಕಡೆ ನೋಡಲೇ ಇಲ್ಲ. ನೇರವಾಗಿ ಬದುವಿಗೆ ಹೋಗಿ ಸರಹದ್ದಿನ ಕಲ್ಲಿಗೆ ಕಾಲು ಹಚ್ಚಿ ನೂಕಿದ. ಪಕ್ಕದ ಹೊಲದಲ್ಲಿ ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಓಡಿ ಬಂದು ಅಪ್ಪನ ರುಮಾಲು ಕಿತ್ತು ಎಸೆದ. ಅಪ್ಪ ರುಮಾಲು ಝಾಡಿಸಿ ತಲೆಗೆ ಸುತ್ತಿಕೊಂಡು, "ತಗೋತೇನಿ" ಎಂದ. ಅಷ್ಟೇ ವ್ಯವಹಾರ.

ಕೊಂಡ ಮೇಲೆ ಕಲ್ಲನ್ನು ಕಾಯಬೇಕಲ್ಲ. ಆ ಕೆಲಸ ನನಗೆ ಬಿತ್ತು. ಅಪ್ಪ ಕುರಿ ಹೊಡೆದುಕೊಂಡು ಹೋದರೆ ನಾನು ಆ ಕಲ್ಲಿನ ಮೇಲೆ ಕೂರಬೇಕು. ಅವ್ವ ಒಮ್ಮೆ, "ಹುಡುಗೀನ ಸಾಲಿಗಿ ಕಳಸ್ರಿ" ಎಂದಿದ್ದಳು. ಅಪ್ಪ, "ಸಾಲಿ ಎಲ್ಲಿ ಓಡಿ ಹೋಗ್ತದ? ಕಲ್ಲು ಓಡಿ ಹೋಗ್ತದ" ಎಂದ. ಹೀಗಾಗಿ ನನ್ನ ಓರಗೆಯವರು ಮಗ್ಗಿ ಕಲಿಯುವಾಗ ನಾನು ಕಲ್ಲಿನ ಮೇಲೆ ಕೂತು ಹಸಿ ಕಡಲೆ ಸುಲಿದು ತಿನ್ನುತ್ತಿದ್ದೆ. ನನಗೇನೂ ದುಃಖವಿಲ್ಲ. ಕಡಲೆ ಚೆನ್ನಾಗಿರುತ್ತಿತ್ತು.

ಇನ್ನು ಕಮಳಾಬಾಯಿ. ಇವಳು ನನ್ನ ಗಂಡನ ತಂಗಿ, ಔರಾದಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಸೂಜಿ ಹಿಡಿದವಳ ಹತ್ತಿರ ಗಂಡು ಬರಲಿಲ್ಲ ಎಂದು ನಾನು ಹೇಳುತ್ತೇನೆ. ಬಂದವರೆಲ್ಲ ನಿನ್ನ ಆ ಸೋಮಾರಿ ತಮ್ಮನ ಹಾಗಿದ್ದರು ಎಂದು ಅವಳು ಹೇಳುತ್ತಾಳೆ. ನನ್ನ ಮಾವ ನ್ಯಾಯದ ಮನುಷ್ಯ. ಖಟಕ ಚಿಂಚೋಳಿಯ ಹೊಲವನ್ನು ಮಗನಿಗೆ ಅರ್ಧ, ಮಗಳಿಗೆ ಅರ್ಧ ಹಂಚಿ, ನಡುವೆ ಒಂದು ಕಲ್ಲು ನೆಟ್ಟು ಕಣ್ಣು ಮುಚ್ಚಿದ. ಕಮಳಾಬಾಯಿಯ ಪಾಲಿನಲ್ಲಿ ಒಂದು ಬೇವಿನ ಮರವಿದೆ. ಆ ಮರದಿಂದ ಕಲ್ಲಿಗೆ ಸರಿಯಾಗಿ ಹನ್ನೆರಡು ಮೊಳ.

ನನ್ನ ಗಂಡ ಹೋದ ಮೇಲೆ ಕಲ್ಲಿನ ಜವಾಬ್ದಾರಿ ನನಗೆ ಬಂತು. ನನಗೋ ಚಿಕ್ಕಂದಿನಿಂದ ಅದೇ ಕೆಲಸ. ಪ್ರತಿವರ್ಷ ಬಿತ್ತನೆಗೆ ಮುಂಚೆ ಒಂದು ದಿನ ಹೋಗಿ, ನನ್ನ ಹೊಲದ ಕಡೆಯಿಂದ ನಡೆದು, ಕಲ್ಲನ್ನು ಒಂದು ಗೇಣು ಮುಂದಕ್ಕೆ, ಎಂದರೆ ಬೇವಿನ ಮರದ ಕಡೆಗೆ, ನೂಕಿ ಬರುತ್ತೇನೆ. ವಾರದೊಳಗೆ ಕಮಳಾಬಾಯಿಗೆ ಸುದ್ದಿ ಹೋಗುತ್ತದೆ. ಅವಳು ಔರಾದಿನಿಂದ ಹೊರಡುತ್ತಾಳೆ, ನಾನು ಬೀದರಿನಿಂದ ಹೊರಡುತ್ತೇನೆ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಸೇರುತ್ತೇವೆ. ಒಟ್ಟಿಗೆ ಚಹಾ ಕುಡಿಯುತ್ತೇವೆ. ಚಿಂಚೋಳಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಅವಳ ಬಿಪಿ, ನನ್ನ ಮೊಣಕಾಲು ಎಲ್ಲಾ ಮಾತಾಡುತ್ತೇವೆ. ಹೊಲದಲ್ಲಿ ಕಾಲಿಟ್ಟ ಕೂಡಲೇ ಜಗಳ ಶುರು. ಅವಳು ಮರದಿಂದ ಮೊಳ ಹಾಕುತ್ತಾ ಬರುತ್ತಾಳೆ, ಗೇಣು ಕಡಿಮೆ ಬರುತ್ತದೆ, ಸತ್ತವರನ್ನೆಲ್ಲ ಎಬ್ಬಿಸುತ್ತಾಳೆ. ನನ್ನ ಮೊಳ ಬೇರೆ, ನಿನ್ನ ಮೊಳ ಬೇರೆ ಎಂದು ನಾನು ಒಮ್ಮೆ ವಾದ ಹಾಕಿದ್ದಕ್ಕೆ ಕೈಗೆ ಕೈ ಹಚ್ಚಿ ಅಳೆದೂ ನೋಡಿದ್ದಾಯಿತು. ಎರಡೂ ಸಮ. ಗಂಟಲು ಆರಿದ ಮೇಲೆ ಕಲ್ಲನ್ನು ಇಬ್ಬರೂ ಸೇರಿ ಹಿಂದಕ್ಕೆ ಇಟ್ಟು ರೊಟ್ಟಿ ತಿಂದು ಅದೇ ಬಸ್ಸಿನಲ್ಲಿ ತಿರುಗಿ ಬರುತ್ತೇವೆ.

ಇದರಲ್ಲಿ ಇನ್ನೊಂದು ಮಾತು. ಎರಡೂ ಹೊಲ ಪಾಲಿಗೆ ಮಾಡುವವನು ಒಬ್ಬನೇ. ಅವನಿಗೆ ಕಲ್ಲು ಎಲ್ಲಿದ್ದರೂ ಅಷ್ಟೇ. ನಾವು ಜಗಳವಾಡುವಾಗ ಅವನು ಎತ್ತಿಗೆ ನೀರು ಕುಡಿಸಿಕೊಂಡು ಬರುತ್ತಾನೆ.

ನನಗೆ ಅಕ್ಷರ ಕಲಿಸಿದವಳೂ ಕಮಳಾಬಾಯಿಯೇ. ಒಂದು ವರ್ಷ ನನ್ನ ಮೇಲೆ ಸಿಟ್ಟು ಜಾಸ್ತಿಯಾಗಿ ತಹಸೀಲ್ದಾರರಿಗೆ ಅರ್ಜಿ ಬರೆದಳು. ಅದನ್ನು ನನಗೆ ಓದಲು ಬರುವುದಿಲ್ಲವಲ್ಲ! ಓದಲು ಬಾರದವಳ ಮೇಲೆ ಅರ್ಜಿ ಹಾಕಿ ಏನು ಸುಖ? ನನ್ನ ಮನೆಯಲ್ಲೇ ಎರಡು ತಿಂಗಳು ಕೂತು ಅಕ್ಷರ ಕಲಿಸಿದಳು. ನಾನು ಮೊದಲು ಓದಿದ ಬರಹ ನನ್ನನ್ನೇ ಬೈದದ್ದು. ಒಂದು ಕಡೆ ದೀರ್ಘ ಬಿಟ್ಟಿದ್ದಳು, ತಿದ್ದಿ ಕೊಟ್ಟೆ. ಅರ್ಜಿ ಕಡೆಗೂ ಹೋಗಲಿಲ್ಲ. ಅದರಲ್ಲಿ ಶೇಂಗಾ ಹಿಂಡಿ ಕಟ್ಟಿದೆ ಎಂದು ನೆನಪು.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿರುವಾಗ ಇವಳು ಹಳೆಯ ಗೆಳತಿಯರ ಜೊತೆ ಟೂರು ಹೋಗಿ ಸಮುದ್ರ ನೋಡಿ ಬಂದಳು. ಬಂದ ಮರುದಿನ ಅತ್ತಿಗೆಗೆ, ಎಂದರೆ ನನಗೆ, ಫೋನು.

"ವೈನಿ, ನಾ ಸಮುದ್ರದ ದಂಡಿಗಿ ಮನಿ ತಗೋತೇನಿ."

"ಯಾಕ, ಔರಾದಾಗ ನಳಕ್ಕ ನೀರ್ ಬರ್ಲಾಕತ್ತಿಲ್ಲೇನು?"

"ನೀರಿಗಲ್ಲ ಬೇ. ಅಲ್ಲಿ ಯಾರಿಗೂ ಜಲ್ದಿ ಇಲ್ಲ. ಮಧ್ಯಾನ ಅಂಗಡಿ ಮುಚ್ಚಿ ಮಕ್ಕೋತಾರ. ಸಂಜಿಕ ಎದ್ದು ಸಮುದ್ರ ನೋಡ್ತಾರ. ಅಷ್ಟೇ."

"ಮಕ್ಕೊಳ್ಳಾಕ ಅಷ್ಟ್ ದೂರ ಯಾಕ? ಔರಾದಾಗೇ ಮಕ್ಕೋ. ನಾ ಬಂದು ಎಬ್ಬಸ್ತೇನಿ."

"ಅದಕ್ಕೇ ದೂರ ಹೋಗ್ಲಾಕತ್ತೀನಿ" ಎಂದಳು. ಆಮೇಲೆ ದನಿ ಇಳಿಸಿ, "ಔರಾದಿನ ಮನಿ ಮಾರ್ತೇನಿ. ಚಿಂಚೋಳಿ ಹೊಲಾನೂ ಕೊಟ್ಟು ಬಿಡ್ತೇನಿ. ಅಷ್ಟ್ ದೂರದಿಂದ ಹೊಲದ ಫಿಕರ್ ನನಗ ಬ್ಯಾಡ. ಭಾಲ್ಕಿಯಾಗ ಒಬ್ಬಾವ ಕೇಳ್ಲಾಕತ್ತಾನ. ತಂತಿ ಬೇಲಿ ಹಾಕ್ತಾನಂತ" ಎಂದಳು.

ತಂತಿ ಬೇಲಿ! ತಂತಿಯ ಜೊತೆ ಯಾರು ಜಗಳವಾಡುತ್ತಾರೆ? ನೂಕಿದರೆ ಕೈ ಕೊಯ್ಯುತ್ತದೆ, ಬೈದರೆ ಸುಮ್ಮನಿರುತ್ತದೆ. ನಾನು ಬಿತ್ತನೆಗೆ ಮುಂಚೆ ಭಾಲ್ಕಿಗೆ ಹೋಗಿ ಒಬ್ಬಳೇ ಚಹಾ ಕುಡಿಯಬೇಕೇನು?

"ನೀ ಬಂದು ಜಾಗಾ ನೋಡು, ವೈನಿ. ನೀ ಹೂಂ ಅಂದ್ರ ತಗೋತೇನಿ, ಇಲ್ಲಂದ್ರ ಬಿಡ್ತೇನಿ. ಜಾಗಾ ನೋಡದ್ರಾಗ ನಿನ್ನಂಥಾಕಿ ಇಲ್ಲ."

ಬರುತ್ತೇನೆ ಎಂದೆ. ಇಲ್ಲ ಎನ್ನಲಿಕ್ಕೇ ಹೊರಟೆ. ಮುಚ್ಚಿಡುವುದೇನು.

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಹೋಗುತ್ತೀರಿ. ಕಾರವಾರದ ಕಡೆ ಎಂದಿಟ್ಟುಕೊಳ್ಳಿ. ಹನ್ನೊಂದು ಗಂಟೆಗೆ ಮನೆ ತೋರಿಸುತ್ತೇನೆ ಎಂದ ದಲ್ಲಾಳಿ ಮಂಜು ಎರಡು ತೆಂಗಿನ ಮರಗಳ ನಡುವೆ ಜೋಲಿ ಕಟ್ಟಿಕೊಂಡು ಮಲಗಿದ್ದ. ನಲವತ್ತು ದಾಟಿದ ಗಂಡಸು, ತೊಟ್ಟಿಲಲ್ಲಿ! ನಾನು ಕೆಮ್ಮಿದೆ. ಒಂದು ಕಣ್ಣು ತೆರೆದು, "ಬಂದ್ರಾ? ಅಡ್ಡಿಲ್ಲ, ಕೂತ್ಕೊಳ್ಳಿ. ಬಿಸಿಲು ಇಳೀಲಿ" ಎಂದ.

ಈ "ಅಡ್ಡಿಲ್ಲ" ಅಲ್ಲಿಯವರ ಮಾತು. ಊಟ ಹೇಗಿದೆ ಎಂದರೂ ಅಡ್ಡಿಲ್ಲ, ಬಸ್ಸು ತಪ್ಪಿತು ಎಂದರೂ ಅಡ್ಡಿಲ್ಲ. ನಮ್ಮ ಕಡೆ ಬಸ್ಸು ತಪ್ಪಿದರೆ ಡ್ರೈವರನ ಏಳು ತಲೆಮಾರು ಬೈಯುವ ಗದ್ದಲ ನೆನೆದು ನನಗೆ ಮನೆಯ ನೆನಪಾಯಿತು.

ಬಿಸಿಲು ಇಳಿದ ಮೇಲೆ ಮನೆ ನೋಡಿದೆವು. ಎರಡು ಕೋಣೆ, ಹೆಂಚು, ನಾಲ್ಕು ತೆಂಗು, ಅಂಗಳ ದಾಟಿದರೆ ಮರಳು, ಮರಳು ದಾಟಿದರೆ ಸಮುದ್ರ. ಗೋಡೆ ನಮ್ಮ ಚಿದ್ರಿಯಲ್ಲಿರುವಂಥದೇ ಕೆಂಪು ಕಲ್ಲು. ಇಷ್ಟು ದೂರ ಬಂದು ಅದೇ ಗೋಡೆ! ಸಮುದ್ರವನ್ನು ಅಂದೇ ಮೊದಲು ಕಂಡದ್ದು. ದೊಡ್ಡದಿದೆ. ಆದರೆ ಅದಕ್ಕೆ ಬದು ಇಲ್ಲ. ಒಮ್ಮೆ ಅಲ್ಲಿಯ ತನಕ ಬರುತ್ತದೆ, ಒಮ್ಮೆ ಇಲ್ಲಿಯ ತನಕ. ಹೀಗೆ ಮಾಡುವವರನ್ನು ನಮ್ಮೂರಲ್ಲಿ ಪಂಚಾಯ್ತಿಗೆ ಕರೆಯುತ್ತಾರೆ.

ನಾನು ಹುಳುಕು ಹುಡುಕಲು ಶುರು ಮಾಡಿದೆ. "ಉಪ್ಪಿನ ಗಾಳಿಗಿ ಕಬ್ಬಿಣ ತಿಂದು ಹೋಗಂಗಿಲ್ಲೇನ್ರಿ?"

"ಹೋಗ್ತದೆ ಅಮ್ಮ. ಕಿಟಕಿ ಸರಳು ಎಲ್ಲ ಪುಡಿ ಪುಡಿ" ಎಂದ ಮಂಜು.

"ಹೆಂಚು ಸೋರ್ತಾವೇನ್ರಿ?"

"ಸೋರ್ತದೆ. ಮೂರು ಕಡೆ. ಬನ್ನಿ, ತೋರಿಸ್ತೆ."

ದಲ್ಲಾಳಿ ಎಂದರೆ ಸುಳ್ಳು ಹೇಳಬೇಕು, ನಾವು ಹಿಡಿಯಬೇಕು. ಇವನು ಎಲ್ಲದಕ್ಕೂ ಹೂಂ ಎಂದು ನನ್ನ ಕೈಯಲ್ಲಿ ಕೆಲಸವೇ ಇಲ್ಲದಂತೆ ಮಾಡಿದ. ಕಮಳಾಬಾಯಿ ಮಾತ್ರ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಗುತ್ತಾ ನಿಂತಿದ್ದಳು.

ಕೊನೆಗೆ ನನ್ನ ಅಪ್ಪನ ಪರೀಕ್ಷೆ. ಹಿತ್ತಲಿಗೆ ಹೋದೆ. ಈ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಕೆಂಪು ಕಲ್ಲು ನೆಟ್ಟಿದ್ದರು. ಸೀರೆ ಎತ್ತಿ ಕಟ್ಟಿ, ಕಾಲು ಹಚ್ಚಿ, ಪಕ್ಕದವರ ಕಡೆಗೆ ಒಂದು ಗೇಣು ನೂಕಿದೆ. ಮರಳು ನೆಲ, ಬೆಣ್ಣೆಯ ಹಾಗೆ ಸರಿಯಿತು. ಪಕ್ಕದ ಮನೆಯಿಂದ ಒಬ್ಬ ಮುದುಕ ಚಹಾದ ಲೋಟ ಹಿಡಿದು ಹೊರಗೆ ಬಂದ. ಗಣಪು ಎಂದು ಹೆಸರು, ಮೊದಲು ದೋಣಿ ನಡೆಸುತ್ತಿದ್ದನಂತೆ. ನಾನು ಸೊಂಟಕ್ಕೆ ಕೈ ಇಟ್ಟು ನಿಂತೆ. ಬಾ, ರುಮಾಲು ಕಿತ್ತು ಎಸೆ, ಎಂದು ಮನಸ್ಸಿನಲ್ಲಿ ಕರೆದೆ.

ಅವನು ನೋಡಿದ. ಚಹಾ ಕುಡಿದ. "ಅಲ್ಲಿ ಬೇಡ ಅಮ್ಮ, ಇರುವೆ ಗೂಡಿದೆ. ಇನ್ನೂ ಸ್ವಲ್ಪ ಈಚೆ ತನ್ನಿ" ಎಂದ.

"ಈಚೆ ಅಂದ್ರ ನಿಮ್ಮ ಜಾಗಾದಾಗ್ರಿ!"

"ಅಡ್ಡಿಲ್ಲ." ಲೋಟ ಕೆಳಗಿಟ್ಟು ತಾನೇ ಕಲ್ಲು ಎತ್ತಿ ತನ್ನ ಹಿತ್ತಲಿನೊಳಗೆ ಎರಡು ಮೊಳ ತಂದು ನೆಟ್ಟ. "ಸಾಕಾ?"

ಎಪ್ಪತ್ತು ವರ್ಷದಲ್ಲಿ ಇಂಥ ಅವಮಾನ ಯಾರೂ ಮಾಡಿರಲಿಲ್ಲ. ಕಮಳಾಬಾಯಿಯ ಹತ್ತಿರ ಹೋಗಿ ತೀರ್ಪು ಕೊಟ್ಟೆ. "ಬಿಲ್ಕುಲ್ ಬ್ಯಾಡ. ಈ ಜಾಗಾಕ್ಕ ಕವಡಿ ಕಿಮ್ಮತ್ತಿಲ್ಲ. ಎರಡು ಮೊಳ ಎತ್ತಿ ಕೊಟ್ಟ ಆ ಮನಷಾ. ನಾಳಿ ಸಮುದ್ರ ಬಂದು ಒಯ್ತೀನಂದ್ರ ಅದಕ್ಕೂ ಅಡ್ಡಿಲ್ಲ ಅಂತಾನ."

ಕಮಳಾಬಾಯಿ ನನ್ನ ಮೇಲೆ ಹಾರಿ ಬೀಳುತ್ತಾಳೆ ಎಂದು ಕಾಯ್ದೆ. ಅವಳು ಚಪ್ಪಲಿ ಹಾಕಿಕೊಂಡಳು. "ಆತು ವೈನಿ. ನೀ ಅಂದ ಮ್ಯಾಲ ಮುಗೀತು" ಎಂದಳು. ನಗು ಹೋಗಿತ್ತು. ಒಬ್ಬಳೇ ನೀರಿನ ಕಡೆ ನಡೆದು ಹೋದಳು.

ಇವಳಿಗೂ ಅಡ್ಡಿಲ್ಲದ ಗಾಳಿ ಬಡಿಯಿತೇ ಎಂದು ನನಗೆ ಸಿಟ್ಟು ಬಂತು. ಗೆದ್ದದ್ದು ನಾನು, ಆದರೂ ಬಾಯಲ್ಲಿ ಆ ಉಪ್ಪು ಗಾಳಿಯದೇ ರುಚಿ. ಕಾಲು ಬೇರೆ ನೋಯುತ್ತಿತ್ತು. ಮರಳಿನ ಮೇಲೆ ಒಂದು ತೆಂಗಿನ ದಿಮ್ಮಿ ಅಡ್ಡ ಬಿದ್ದಿತ್ತು, ಎಂಟು ಜನ ಕೂರುವಷ್ಟು ಉದ್ದ. ಯಾರೂ ಇರಲಿಲ್ಲ. ನಟ್ಟ ನಡುವೆ ಕೂತೆ. ಸೂರ್ಯ ಕೆಳಗಿಳಿಯುತ್ತಿದ್ದ.

ಸ್ವಲ್ಪ ಹೊತ್ತಿಗೆ ಗಣಪು ಬಂದ. ನನ್ನ ಮುಂದೆ ನಿಂತ. ಎಡಗಡೆ ಹೋಗಿ ನಿಂತ. ಬಲಗಡೆ ಬಂದು ನಿಂತ. ಕೆಮ್ಮಿದ.

"ಅಮ್ಮ, ಸ್ವಲ್ಪ ಏಳ್ತೀರಾ?"

"ಯಾಕ್ರಿ?"

"ನೀವು ಕೂತದ್ದು ನನ್ನ ಜಾಗ."

"ದಿಮ್ಮಿ ಇಷ್ಟುದ್ದ ಅದ. ಆ ಕಡಿ ಕೂಡ್ರಿ."

"ಆ ಕಡೆ ಶೀನನದ್ದು."

"ಈ ಕಡಿ ಕೂಡ್ರಿ."

"ಈ ಕಡೆ ಪೋಸ್ಟ್ ಮಾಸ್ತರ್ರದ್ದು. ಅವರು ತೀರಿ ಹೋಗಿ ಆರು ವರ್ಷ ಆಯ್ತು. ಆದ್ರೂ ಅವರದ್ದೇ."

"ಸತ್ತವರ ಜಾಗಾ ಖಾಲಿ ಅದಲ್ರಿ!"

ಅಷ್ಟೇ ಅಂದದ್ದು. ಗಣಪುವಿನ ಕುತ್ತಿಗೆಯ ನರ ಉಬ್ಬಿತು. "ಖಾಲಿ ಅಂದ್ರೆ? ಖಾಲಿ ಅಂದ್ರೆ ಎಂತ? ಯಾರು ಹೇಳಿದ್ದು ಖಾಲಿ ಅಂತ? ನಲವತ್ತು ವರ್ಷದಿಂದ ನಾ ಇಲ್ಲಿ ಕೂತು ಹೊತ್ತು ಮುಳುಗೂದು ನೋಡ್ತೆ. ಒಂದು ಬದಿಗೆ ಸರಿದ್ರೆ ಆ ಗುಡ್ಡ ಅಡ್ಡ ಬರ್ತದೆ! ಏಳಿ ಮೇಲೆ!"

ಮನೆಯೊಳಗಿಂದ ಅವನ ಹೆಂಡತಿ ಮೀನು ಹೆಚ್ಚುವ ಕತ್ತಿಯ ಜೊತೆಗೇ ಹೊರಗೆ ಬಂದಳು. "ಬಿಡಬೇಡಿ ಹೇಳ್ತೆ! ಇವತ್ತು ಕೂರ್ತಾರೆ, ನಾಳೆ ಕಾಲು ನೀಡ್ತಾರೆ!" ಶೀನ ಎಂಬುವನೂ ಓಡಿ ಬಂದ, ಮೊದಲು ತನ್ನ ತುದಿಯಲ್ಲಿ ಭದ್ರವಾಗಿ ಕೂತು, ಆಮೇಲೆ ಕೂಗಲು ಶುರು ಮಾಡಿದ. ಜೋಲಿಯಿಂದ ಮಂಜುವೂ ಎದ್ದು ಬಂದ. ಅವನ ಎರಡು ಕಣ್ಣೂ ತೆರೆದಿದ್ದನ್ನು ನಾನು ಆಗಲೇ ಕಂಡದ್ದು. "ಅಮ್ಮ, ಹಿತ್ತಲು ಬೇಕಾದ್ರೆ ಪೂರ್ತಿ ತಗೊಳ್ಳಿ. ದಿಮ್ಮಿ ತಂಟೆ ಬೇಡ" ಎಂದ.

ನಾನು ಕಿವಿಗೊಟ್ಟು ಕಾಯ್ದೆ. ಯಾರ ಬಾಯಿಂದಲೂ ಅಡ್ಡಿಲ್ಲ ಎಂಬ ಮಾತು ಬರಲಿಲ್ಲ.

ಎಂಥ ಜಗಳ! ಮೆಹಕರದ ಅಪ್ಪನ ಕಾಲದ ಜಗಳ. ನಾನೂ ನನ್ನದೆಲ್ಲ ತೆಗೆದೆ. ಅವರ ಮಾತು ನನಗೆ ಅರ್ಧ ತಿಳಿಯದು, ನನ್ನ ಮಾತು ಅವರಿಗೆ ಅರ್ಧ ತಿಳಿಯದು, ಆದರೆ ಯಾರೂ ನಿಲ್ಲಿಸಲಿಲ್ಲ. ಗದ್ದಲ ಕೇಳಿ ಕಮಳಾಬಾಯಿ ನೀರಿನಿಂದ ಓಡಿ ಬಂದಳು. "ಏನಾತು ವೈನಿ, ಯಾರ್ ಏನಂದ್ರು?" ಎಂದು ನನ್ನ ಪಕ್ಕ ನಿಂತು, ವಿಷಯ ತಿಳಿಯದೆಯೇ ಎರಡು ಬೈಗುಳ ಹಾಕಿದಳು.

ಆಗ ನನಗೆ ಕಷ್ಟಕ್ಕಿಟ್ಟುಕೊಂಡಿತು. ನಾನು ಕಲ್ಲು ಸರಿಸಿದವಳು ಹೌದು. ಆದರೆ ಜಾಗದ ಗುಣ ಕೇಳಿದಾಗ ಸುಳ್ಳು ಹೇಳಿದವಳಲ್ಲ. ಈ ಜನಕ್ಕೆ ನೆಲದ ಮೇಲೆ ಆಸೆಯಿಲ್ಲ. ಕೂರುವುದರ ಮೇಲೆ ಪ್ರಾಣವಿದೆ. ಒಂದು ಗುಡ್ಡ ಅಡ್ಡ ಬರುತ್ತದೆ ಎಂದು ಮುದುಕ ಕುತ್ತಿಗೆಯ ನರ ಹರಿದುಕೊಳ್ಳುತ್ತಾನೆ ಎಂದರೆ ಅಲ್ಲಿ ನೋಡುವಂಥದ್ದು ಏನೋ ಇದೆ. ಎದ್ದು ನಿಂತು, ಸೆರಗು ಝಾಡಿಸಿ, "ತಗೋ ಕಮಳಾ. ಜಾಗಾ ಛಲೋ ಅದ" ಎಂದೆ.

"ಈಗ ಬ್ಯಾಡಂದಿ!"

"ಆಗ ಜಗಳ ಸಿಕ್ಕಿರ್ಲಿಲ್ಲ."

ಅವಳು ಮರಳಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಣಪು ತನ್ನ ಜಾಗದಲ್ಲಿ ಕೂತ ಕೂಡಲೇ ತಣ್ಣಗಾದ. ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಹಿತ್ತಲಿನ ಆ ಕಲ್ಲನ್ನೇ ಕಿತ್ತು ತಂದು ಕೈಗಿಟ್ಟ. "ನಿಮಗೆ ಕಲ್ಲು ಅಂದ್ರೆ ಭಾರಿ ಖುಷಿ ಅಲ್ವಾ. ತಗೊಂಡು ಹೋಗಿ. ನಮ್ಗೆ ಅದು ಬೇಕಂತಿಲ್ಲ." ಬಾಗಿಲಿಗೆ ಆನಿಸಿದ್ದು ಅದೇ.

ಔರಾದಿನ ಮನೆ ಮಾರಿಹೋಯಿತು. ಕಮಳಾಬಾಯಿ ಸಮುದ್ರಕ್ಕೆ ಹೋದಳು. ದಿಮ್ಮಿಯ ಹಿಂದೆ ಸ್ವಂತ ಕುರ್ಚಿ ಹಾಕಿಕೊಂಡು ಕೂರುತ್ತಾಳಂತೆ. ಉಳಿದದ್ದು ಹೊಲ. ಭಾಲ್ಕಿಯವನು ಈ ಸಲ ಬಿತ್ತನೆಗೆ ಮುಂಚೆ ಅಳತೆಗೆ ಬರುವುದು, ಇವಳು ಬಂದು ಒಪ್ಪಿಸುವುದು ಎಂದು ಮಾತಾಗಿತ್ತು.

ಹಿಂದಿನ ದಿನ ನಾನು ಚಿಂಚೋಳಿಗೆ ಹೋದೆ. ಕೊನೆಯ ಸಲವಲ್ಲವೇ, ಗೇಣು ಸಾಲದು, ಒಂದು ಮೊಳವೇ ಸರಿಸಬೇಕು ಎಂದು ಹಾರೆ ತೆಗೆದುಕೊಂಡೆ. ಈಗ ಅಲ್ಲಿ ಹೊಸ ಡಾಂಬರು ರಸ್ತೆಯಾಗಿದೆ. ಆಟೋದವನು ಹೊಸ ರಸ್ತೆಯಿಂದ ತಂದು ಆಚೆ ಬದಿಗೆ ಇಳಿಸಿದ. ಬಿಸಿಲು ನೆತ್ತಿಯ ಮೇಲೆ. ಕನ್ನಡಕ ಮನೆಯಲ್ಲಿ. ನೇರ ಕಲ್ಲಿಗೆ ಹೋದೆ, ಎಂದಿನ ಹಾಗೆ ಮುಂದಕ್ಕೆ ಒಂದು ಮೊಳ ಮೀಟಿ ಸರಿಸಿ, ಮಣ್ಣು ತುಳಿದು ಬಂದೆ. ಕಳ್ಳಕೆಲಸ ಮಾಡುವಾಗ ಸುತ್ತ ಮರ ಗಿಡ ನೋಡುತ್ತಾ ನಿಲ್ಲುವವರುಂಟೇ?

ಮರುದಿನ ಭಾಲ್ಕಿಯಲ್ಲಿ ಚಹಾ ಕುಡಿದು ಇಬ್ಬರೂ ಹೊಲಕ್ಕೆ ಹೋದೆವು. ವ್ಯಾಪಾರಿ ಟೇಪು ಹಿಡಿದು ನಿಂತಿದ್ದ. ಕಮಳಾಬಾಯಿ ಅವನಿಗಿಂತ ಮುಂಚೆ ಮರದಿಂದ ಮೊಳ ಹಾಕುತ್ತಾ ಬಂದಳು. ಕಲ್ಲು ಮುಟ್ಟಿದಳು. ಒಂದು ಗಳಿಗೆ ಬಗ್ಗಿಯೇ ಇದ್ದಳು. ಆಮೇಲೆ ಎದ್ದು ಚೀರಿದಳು, "ಹನ್ನೊಂದೇ ಮೊಳ! ಪೂರಾ ಒಂದು ಮೊಳ ನುಂಗ್ಯಾಳ! ನಮ್ಮಪ್ಪ ನೆಟ್ಟ ಕಲ್ಲು! ನನಗ ಅನ್ಯಾಯ ಆಗ್ಯದ!"

"ನುಂಗೀನಿ! ಏನ್ ಮಾಡ್ತಿ?" ಎಂದೆ.

ಅವಳು ವ್ಯಾಪಾರಿಯ ಕಡೆ ತಿರುಗಿದಳು. "ನೀವು ಹೋಗ್ರಿ. ಈ ತಕರಾರು ಮುಗಿಯೋ ತನಾ ನಾ ಹೊಲ ಮಾರಂಗಿಲ್ಲ."

"ಕಮಳಾಬಾಯಿ, ಮೊಳದ್ದೇನ್ ಮಾತ್ರಿ, ನನಗ ನಡೀತದ" ಎಂದ ಅವನು.

"ನನಗ ನಡ್ಯಂಗಿಲ್ಲ!"

ಅವನು ಟೇಪು ಸುತ್ತಿಕೊಂಡು ಹೋದ. ನಾವು ಬೇವಿನ ಕೆಳಗೆ ಕೂತು ರೊಟ್ಟಿ ತಿಂದೆವು, ಅವಳು ತಂದಿದ್ದ ಒಣ ಸೀಗಡಿ ಚಟ್ನಿ ಹಚ್ಚಿಕೊಂಡು. ತಿಂದವಳೇ ಸೆರಗು ಹಾಸಿ ಮಲಗಿಬಿಟ್ಟಳು. ಸಮುದ್ರದ ಚಟ. ನನಗೆ ಹಗಲು ನಿದ್ದೆ ಬರುವುದಿಲ್ಲ. ಸುಮ್ಮನೆ ಕೂತವಳು, ಮೊಳ ಹಾಕಿ ನೋಡೋಣ ಎಂದು ಮರದಿಂದ ಶುರು ಮಾಡಿದೆ.

ಹದಿಮೂರು.

ತಪ್ಪಿತೆಂದು ಇನ್ನೊಮ್ಮೆ ಹಾಕಿದೆ. ಹದಿಮೂರೇ. ಆಟೋದವನು ನನ್ನನ್ನು ಅವಳ ಹೊಲದ ಕಡೆಗೆ ಇಳಿಸಿದ್ದ. ಮುಂದಕ್ಕೆ ಎಂದು ನಾನು ನೂಕಿದ್ದು ನನ್ನ ಹೊಲದೊಳಗೆ. ಅವಳಿಗೆ ಒಂದು ಮೊಳ ಜಾಸ್ತಿ ಹೋಗಿದೆ. ನನ್ನ ಮೊಳವೂ ಅವಳ ಮೊಳವೂ ಸಮ. ಎಷ್ಟೋ ಜನರ ನಾಡಿ ಎಣಿಸಿದವಳು ಲೆಕ್ಕ ತಪ್ಪುವವಳಲ್ಲ.

ತಿರುಗಿ ನೋಡಿದೆ. ಕಣ್ಣು ಮುಚ್ಚಿದ್ದಳು, ಆದರೆ ಗೊರಕೆ ಇರಲಿಲ್ಲ.

"ಏನ್ ಅಳತಿ ಮಾಡ್ಲಾಕತ್ತಿ?" ಎಂದಳು, ಕಣ್ಣು ತೆರೆಯದೆ.

"ಏನಿಲ್ಲ. ಸೊಂಟ ಹಿಡಿದಿತ್ತು, ಬಗ್ಗಿದೆ."

"ಕಲ್ಲು ಹಿಂದ ಸರಸ್ತೀಯೋ ಇಲ್ಲೋ?"

"ಸರಸಂಗಿಲ್ಲ."

"ಹಂಗಾರ ಮುಂದಿನ ವರ್ಷಾನೂ ಬಂದು ಬೈತೇನಿ."

"ಬಾ. ಸೀಗಡಿ ಈ ಸಲ ಸಾಲ್ಲಿಲ್ಲ, ಜಾಸ್ತಿ ತಾ" ಎಂದೆ.